ಮಹಾಪೆಯ ಏರು ಹತ್ತಿಸಿದ ಅಕ್ಕ

ಮೊನ್ನೆ ನಮ್ಮ ಸೊಸೈಟಿಯ ಲಿಫ್ಟ್ ಕೆಟ್ಟು ನಿಂತಿತ್ತು. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಎರಡನೆಯ ಮಹಡಿಯ ಯಾವುದೋ ಮನೆಯಲ್ಲಿ ಕೊಬ್ಬರಿ ಎಣ್ಣೆ ಕಾಯುತ್ತಿತ್ತು. ಕಬ್ಬಿಣದ ಬಾಣಲೆಯಲ್ಲಿ ಕೊಂಚ ಹೆಚ್ಚೇ ಕಾದು ಹೊಗೆಯಾಡುವ ಹಂತಕ್ಕೆ ಬಂದ ವಾಸನೆ. ನಾನು ಕಂಬಿ ಹಿಡಿದು ನಿಂತುಬಿಟ್ಟೆ.

ಮೇಲಿನಿಂದ ಇಳಿದು ಬಂದ ಹುಡುಗಿಯೊಬ್ಬಳು, "ಆಂಟಿ, ದಮ್ ಲಗಾ ಕ್ಯಾ?" ಎಂದು ಕೇಳಿದಳು.

ದಮ್ಮು ಹತ್ತಿರಲಿಲ್ಲ. ಆ ವಾಸನೆಗೆ ಬೇರೆಯವರಿಗೆ ಅಡುಗೆಮನೆ ನೆನಪಾಗುತ್ತದೆ, ಹೆಚ್ಚೆಂದರೆ ಎಣ್ಣೆಸ್ನಾನ. ನನಗೆ ನೆನಪಾಗುವುದು ಬಾನೆಟ್ ಎತ್ತಿ ನಿಂತ ಒಂದು ಕಾರು, ಅದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದ ಹೋಟೆಲಿನ ಅಕ್ಕ...

ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ನಮ್ಮಿಬ್ಬರ ಮನೆ. ಅವರು ಉಡುಪಿ ಕಡೆಯವರು, ನಾನು ಧಾರವಾಡದ ಕಡೆಯವಳು. ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಅವರ ಸಸ್ಯಾಹಾರಿ ಹೋಟೆಲಿತ್ತು. ಯಜಮಾನರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆ ಮಗನಿಗೆ, ಅಡುಗೆಮನೆ ಮತ್ತು ಮಾರ್ಕೆಟ್ಟು ಅಕ್ಕನಿಗೆ ಎಂದು ಕೆಲಸ ಹಂಚಿಕೆಯಾಗಿತ್ತು. ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಕಟ್ಟಡದವರಿಗೆಲ್ಲ ನಾನು ಸಿಸ್ಟರ್, ಅವರು ಅಕ್ಕ. ವಯಸ್ಸಿನಲ್ಲಿ ಯಾರು ದೊಡ್ಡವರೆಂದು ನಾವಿಬ್ಬರೂ ಕೇಳಿಕೊಂಡವರಲ್ಲ.

ನನ್ನದು ಹಾಸಿಗೆಯ ಚಾದರಕ್ಕೆ ಮಡಿಕೆ ಬೀಳಬಾರದೆನ್ನುವ ಸ್ವಭಾವ. ಅಕ್ಕನದು ಪೂರಾ ಬೇರೆ. ಅವರ ಹಳೆಯ ಡೀಸೆಲ್ ಕಾರಿನಲ್ಲಿ ಕೂತರೆ ಕಾಲಡಿಯಲ್ಲಿ ಸ್ಟೀಲ್ ಲೋಟ ಉರುಳುತ್ತಿತ್ತು, ಸೀಟಿನ ಸಂದಿಯಲ್ಲಿ ಕೊತ್ತಂಬರಿ ಕಡ್ಡಿ ಒಣಗಿರುತ್ತಿತ್ತು. ಮಾತಿನಲ್ಲೂ ಅಷ್ಟೆ, ಎದುರಿಗಿದ್ದವರ ವಾಕ್ಯ ಮುಗಿಯಲು ಎಂದೂ ಬಿಟ್ಟವರಲ್ಲ. ಐವತ್ತು ದಾಟಿದ ಮೇಲೆ ಕಾರು ಕಲಿತವರು. ಕಲಿಸಿದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಕೊನೆಗೆ ಕೈಮುಗಿದು, "ಮಾವಶಿ, ಬ್ರೇಕ್ ಎಂಬುದು ಒಂದಿದೆ" ಎಂದಿದ್ದರಂತೆ. ಇದನ್ನು ಅವರೇ ಹೇಳಿ ನಗುತ್ತಿದ್ದರು.

ಪ್ರತಿ ಗುರುವಾರ ಬೆಳಗಾಗುತ್ತಿದ್ದಂತೆ ಅವರು ವಾಶಿಯ ಮಾರ್ಕೆಟ್ ಯಾರ್ಡಿಗೆ ಹೊರಡುತ್ತಿದ್ದರು. ನಾನು ನಿವೃತ್ತಳಾದ ಹೊಸತರಲ್ಲಿ ಒಮ್ಮೆ ಬಾಗಿಲಿಗೆ ಬಂದು, "ಮನೆಯಲ್ಲಿ ಕೂತು ಎಂತ ಮಾಡ್ತೀರಿ ಸಿಸ್ಟರ್? ಬನ್ನಿ, ನನ್ನ ಬಾಯಿಗೆ ಜೊತೆ ಬೇಕು" ಎಂದು ಕರೆದುಕೊಂಡು ಹೋದರು. ಅಂದಿನಿಂದ ಮುಂದಿನ ಎಡಗಡೆಯ ಸೀಟು ನನ್ನದಾಯಿತು.

ಮಾರ್ಕೆಟಿನಲ್ಲಿ ಅವರನ್ನು ನೋಡಬೇಕಿತ್ತು. ತೆಂಗಿನಕಾಯಿಯ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಕಿವಿಯ ಬಳಿ ಆಡಿಸುತ್ತಿದ್ದರು, ಒಂದಕ್ಕೊಂದು ಬಡಿದು ಸದ್ದು ಕೇಳುತ್ತಿದ್ದರು, ಕಣ್ಣಿನ ಕಡೆ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಬೇಡವೆಂದು ಪಕ್ಕಕ್ಕಿಟ್ಟ ಕಾಯಿಯನ್ನು ವ್ಯಾಪಾರಿ ಮೆಲ್ಲಗೆ ಮತ್ತೆ ಚೀಲಕ್ಕೆ ಸೇರಿಸಿದರೆ, ತಿರುಗಿ ನೋಡದೆಯೇ, "ವೋ ನಿಕಾಲೋ", ಅದನ್ನು ತೆಗೆ, ಎನ್ನುತ್ತಿದ್ದರು. ಅವರ ಹೋಟೆಲಿನ ಚಟ್ನಿಗೆ ಹೆಸರಿತ್ತು. ಹೆಸರು ಬಂದಿದ್ದೇ ಆ ರಾಶಿಯ ಮುಂದಿನ ಕೂರುವಿಕೆಯಿಂದ.

ವಾಶಿಯಿಂದ ಡೊಂಬಿವಲಿಗೆ ಮರಳುವಾಗ ಮಹಾಪೆ ದಾಟಿದ ಮೇಲೆ ಒಂದು ಏರು ಬರುತ್ತದೆ. ಗುಡ್ಡ ಹತ್ತಿ ಶೀಲ್ ಫಾಟಾದ ಕಡೆ ಇಳಿಯುವ ರಸ್ತೆ, ಎಲ್ಲ ಹೊತ್ತಿನಲ್ಲೂ ಲಾರಿಗಳ ಸಾಲು. ಒಂದು ಬೇಸಿಗೆಯ ಬೆಳಿಗ್ಗೆ ಹಿಂದೆ ಗೋಣಿಗಳನ್ನು ತುಂಬಿಕೊಂಡು ಆ ಏರು ಹತ್ತುವಾಗ ಕಾರು ಮೊದಲ ಗೇರಿನಲ್ಲೂ ಎಳೆಯಲಾರದೆ ನಿಂತುಬಿಟ್ಟಿತು. ಹಿಂದಿನ ಲಾರಿಯ ಮುಖ ಕನ್ನಡಿಯ ತುಂಬ ಬಂದು ಇನ್ನೇನು ತಾಗಿತು ಎನ್ನುವಲ್ಲಿ ನಿಂತಿತು. ಅಕ್ಕ ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಸ್ಟಾರ್ಟ್ ಮಾಡಿ, ಕಾರನ್ನು ಪಕ್ಕಕ್ಕೆ ತಂದರು. ಲಾರಿಯವನಿಗೆ ಕೈ ಎತ್ತಿ ನಮಸ್ಕಾರವನ್ನೂ ಮಾಡಿದರು.

ಸುದ್ದಿ ಹೇಗೋ ಮಗನಿಗೆ ತಲುಪಿತು. ಅವನು ಇಲ್ಲೇ ಹುಟ್ಟಿ ಬೆಳೆದವನು. ತಾಯಿಯ ತುಳು, ನನ್ನ ಕನ್ನಡ ಎರಡೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿಯಲ್ಲಿ. "ಬಸ್ ಅಮ್ಮಾ. ಗಾಡಿ ಖತಮ್ ಹೋ ಗಯೀ. ದಿವಾಳಿ ಕೇ ಪೆಹಲೇ ಬೇಚ್ ದೇತೇ ಹೈಂ. ಟೆಂಪೋವಾಲಾ ಮಾಲ್ ಲಾಕೇ ದೇಗಾ." ಗಾಡಿಯ ಕತೆ ಮುಗಿಯಿತು, ದೀಪಾವಳಿಗೆ ಮೊದಲು ಮಾರಿಬಿಡೋಣ, ಮಾಲು ಟೆಂಪೋದವನು ತರುತ್ತಾನೆ ಎಂದು ಅವನ ಮಾತು.

"ಟೆಂಪೋದವ ತಂದು ಕೊಡ್ತಾನೆ. ಆರಿಸಿ ಕೊಡುದು ಯಾರು? ನಿನ್ನ ಫೋನಾ?" ಎಂದರು ಅಕ್ಕ.

ಮಗ ಕೆಟ್ಟವನಲ್ಲ. ಹೆದರಿದ್ದ, ಅಷ್ಟೆ. ತಂದೆಯನ್ನು ಕಳೆದುಕೊಂಡವನು ತಾಯಿಯನ್ನು ಲಾರಿಗಳ ನಡುವೆ ಬಿಡಲು ಹೆದರಿದರೆ ಯಾರು ತಪ್ಪೆನ್ನುತ್ತಾರೆ? ಆದರೆ ಕಾರು ಹೋದರೆ ಮಾರ್ಕೆಟ್ಟು ಹೋಗುತ್ತದೆ, ಮಾರ್ಕೆಟ್ಟು ಹೋದರೆ ತಾನು ಹೋಟೆಲಿಗೆ ಬಂದುಹೋಗುವ ಮುದುಕಿ ಮಾತ್ರ ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮಗನ ಮುಂದೆ ಒಂದು ಮಾತಿಟ್ಟರು. ದಸರೆ ಕಳೆದ ಮೇಲಿನ ಗುರುವಾರ ಅವನೂ ಕಾರಿನಲ್ಲಿ ಬರಬೇಕು. ಪೂರ್ತಿ ಮಾಲು ಹಾಕಿಕೊಂಡು ಆ ಏರು ಹತ್ತುವುದು. ಹತ್ತದಿದ್ದರೆ ಕೀಲಿಕೈ ಅವನಿಗೆ. ಹತ್ತಿದರೆ ಮಾರುವ ಮಾತನ್ನು ಅವನು ಮತ್ತೆ ಎತ್ತಬಾರದು. ಮಗ ನಕ್ಕು ಒಪ್ಪಿದ. ಮುದಿ ಕಾರು ದಸರೆಯೊಳಗೆ ಪ್ರಾಯಕ್ಕೆ ಬರುತ್ತದೆಯೇ ಎಂದುಕೊಂಡಿರಬೇಕು.

ಅಕ್ಕ ದಾರಿ ಹುಡುಕಿದ್ದು ತಮ್ಮ ಹೋಟೆಲಿನಲ್ಲೇ. ಭಾನುವಾರ ಬೆಳಿಗ್ಗೆ ಕೆಲವು ತರುಣರು ಗುಡುಗುಡು ಸದ್ದಿನ ಕಾರುಗಳಲ್ಲಿ ನವಿ ಮುಂಬೈ ಕಡೆಯಿಂದ ಬಂದು ಶೀರಾ, ದೋಸೆ ತಿಂದು ಹೋಗುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ಅವರನ್ನು ಬೈಯುತ್ತಿದ್ದರು. ಅಕ್ಕ ಹೊರಗೆ ಹೋಗಿ, "ಬಾನೆಟ್ ಎತ್ತಿ, ನೋಡುವ" ಎಂದರು. ಆ ಗುಂಪಿನಲ್ಲಿ ಒಬ್ಬನಿಗೆ ರಬಾಳೆಯ ಕೈಗಾರಿಕಾ ಪ್ರದೇಶದಲ್ಲಿ ಗ್ಯಾರೇಜಿತ್ತು, ಕಾರುಗಳನ್ನು ಟ್ಯೂನ್ ಮಾಡುವುದೇ ಅವನ ಕೆಲಸ. ಅಕ್ಕನಿಗೆ ಅವನು ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಅವನ ಕಾರಿನ ಎಂಜಿನ್ನಿನ ಮೂಲೆಯಲ್ಲಿ ಮಾಮೂಲಿ ಕಪ್ಪು ಡಬ್ಬಿಯ ಬದಲು ಲಾಟೀನಿನ ಬುರುಡೆಯ ಹಾಗೆ, ಗಾಳಿ ಸೋಸುವ ಕೆಂಪು ಫಿಲ್ಟರೊಂದು ಇತ್ತು. ಇದೇನು ಎಂದು ಅಕ್ಕ ಕೇಳಿದರು. ಅವನು ವಿವರಿಸಿದ. ಎಂಜಿನ್ನು ಉಸಿರಾಡುವ ಗಾಳಿ ಬಾನೆಟ್ಟಿನ ಒಳಗಿನ ಬಿಸಿಗಾಳಿಯಾಗಬಾರದು, ಹೊರಗಿನ ತಣ್ಣನೆಯ ಗಾಳಿಯಾಗಬೇಕು. ತಣ್ಣನೆಯ ಗಾಳಿ ಒತ್ತಾಗಿರುತ್ತದೆ, ಇಂಧನ ಚೆನ್ನಾಗಿ ಉರಿಯುತ್ತದೆ.

"ಅಂದ್ರೆ ದೋಸೆ ಹೊಯ್ಯುವ ಭಟ್ಟನನ್ನು ಬಾಯ್ಲರಿನ ಬಾಯಿಗೆ ನಿಲ್ಲಿಸುದು ಬಿಟ್ಟು ಕಿಟಕಿ ಹತ್ತಿರ ನಿಲ್ಲಿಸಿದ ಹಾಗೆ" ಎಂದು ಅಕ್ಕ ನನಗೆ ಕನ್ನಡದಲ್ಲಿ ಹೇಳಿದರು.

ಆ ತರುಣ ಪ್ರಾಮಾಣಿಕ. ತನಗೇ ಗಿರಾಕಿ ತಪ್ಪಿಹೋಗುವ ಹಾಗೆ ಮಾತಾಡಿದ. "ಕಾಕು, ಅಕೇಲಾ ಇಂಟೇಕ್ ಡಾಲೋಗೇ ತೋ ಸಿರ್ಫ್ ಆವಾಜ್ ಆಯೇಗಾ. ತಾಕತ್ ಟ್ಯೂನ್ ಸೇ ಆತಾ ಹೈ." ಬರೀ ಗಾಳಿಯ ಕೊಳವೆ ಹಾಕಿದರೆ ಸದ್ದಷ್ಟೇ ಬರುತ್ತದೆ, ಆ ಗಾಳಿಗೆ ತಕ್ಕಷ್ಟು ಡೀಸೆಲ್ ಕೊಡುವಂತೆ ಕಾರಿನ ಕಂಪ್ಯೂಟರನ್ನು ತಿದ್ದಬೇಕು ಎಂದ. ಅಕ್ಕ ತಲೆಯಾಡಿಸಿದರು. ಒಲೆಗೆ ಗಾಳಿ ಬಂತೆಂದು ಉರಿ ತಾನಾಗಿ ಏರುವುದಿಲ್ಲ, ಗ್ಯಾಸಿನ ತಿರುಗಣೆಯನ್ನೂ ತಿರುಗಿಸಬೇಕು. ಅವರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ನಾನು ಕಾಯಿದೆ ಬಿಟ್ಟು ಒಂದು ಹೆಜ್ಜೆ ಇಡುವವಳಲ್ಲ. "ಅಕ್ಕಾರ, ಇದೆಲ್ಲಾ ಯಾಕ ಬೇಕ್ರೀ? ಹೊಗಿ ಪರೀಕ್ಷಾ ಪಾಸ್ ಆಗತೈತೇನು? ಇನ್ಶೂರೆನ್ಸಿನವರು ಒಪ್ತಾರೇನು?"

"ಕಾನೂನು ನೀವು ನೋಡಿ ಸಿಸ್ಟರ್, ಗಾಡಿ ನಾನು ನೋಡ್ತೇನೆ. ಇಬ್ಬರಿಗೂ ಕೆಲಸ ಆಯ್ತಲ್ಲ?" ಎಂದು ಬಿಟ್ಟರು. ಹಾಗಾಗಿ ಆ ತರುಣನನ್ನು ಕೂರಿಸಿಕೊಂಡು ಕೇಳಬೇಕಾದ್ದನ್ನೆಲ್ಲ ನಾನು ಕೇಳಿದೆ. ಕಪ್ಪು ಹೊಗೆ ಬರುವಷ್ಟು ಡೀಸೆಲ್ ಸುರಿಯುವುದಿಲ್ಲ, ಕೆಲಸ ಮುಗಿದ ಮೇಲೆ ಹೊಗೆ ತಪಾಸಣೆಯ ಪಿಯುಸಿ ಚೀಟಿ ತೆಗೆಸಿಯೇ ಕಾರು ಕೊಡುತ್ತೇನೆ ಎಂದು ಅವನು ಒಪ್ಪಿಕೊಂಡ. ವಿಮೆಯವರಿಗೆ ಮುಂಚಿತವಾಗಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು, ಮಾಡಿದೆ.

ಒಂದು ತೊಡಕು ಬಂತು. ಅಷ್ಟು ಹಳೆಯ ಮಾದರಿಗೆ ಸಿದ್ಧ ಸೆಟ್ಟು ಸಿಗಲಿಲ್ಲ. ಕೊಳವೆಯನ್ನೂ ಫಿಲ್ಟರನ್ನೂ ಅವನು ಹೊಂದಿಸಿದ. ಆದರೆ ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಬಿಸಿ ತಡೆಯುವ ಒಂದು ತಗಡಿನ ಗೋಡೆ ಬೇಕಿತ್ತು. ಫಿಲ್ಟರನ್ನು ಕೆಳಗೆ ಬಂಪರಿನ ಹಿಂದೆ ಇಟ್ಟರೆ ಗೋಡೆ ಬೇಕಾಗುತ್ತಿರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ನಿಂತಾಗ ಎಂಜಿನ್ನು ನೀರು ಕುಡಿದು ಸಾಯುತ್ತದೆ, ಅದಕ್ಕೇ ಮೇಲೆ ಹೆಡ್‌ಲೈಟಿನ ಹಿಂದೆಯೇ ಇರಲಿ ಎಂದ. ಅಕ್ಕ ಸಾಬೂನಿನ ಖಾಲಿ ರಟ್ಟಿನ ಪೆಟ್ಟಿಗೆ ಬಿಚ್ಚಿ, ಎಂಜಿನ್ನಿನ ಮೂಲೆಗೆ ಹಿಡಿದು, ತರಕಾರಿ ಕತ್ತರಿಸುವ ಚಾಕುವಿನಲ್ಲಿ ಗೋಡೆಯ ಆಕಾರ ಕತ್ತರಿಸಿದರು. ಅದನ್ನು ಹಿಡಿದು ಇಬ್ಬರೂ ಕಲ್ಯಾಣಕ್ಕೆ ಹೋದೆವು. ಅವರ ಹೋಟೆಲಿಗೆ ಇಡ್ಲಿ ಪೆಟ್ಟಿಗೆ ಮಾಡಿಕೊಟ್ಟ ಸ್ಟೀಲ್ ಕೆಲಸದವನ ಅಂಗಡಿ ಅಲ್ಲಿತ್ತು. ಅವನು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾತ ಕಿತೀ ಇಡ್ಲೀ ಬಸ್ತಾತ್?" ಎಂದು ಮರಾಠಿಯಲ್ಲಿ ಕೇಳಿದ. ಇದರಲ್ಲಿ ಎಷ್ಟು ಇಡ್ಲಿ ಕೂರುತ್ತವೆ ಅಂತ!

"ಇಡ್ಲಿ ಇಲ್ಲ ಮಾರಾಯಾ, ಇದು ಗಾಳಿ ಬೇಯಬಾರದು ಅಂತ ಮಾಡುದು" ಎಂದು ಅಕ್ಕ ಕನ್ನಡದಲ್ಲೇ ಹೇಳಿದರು. ಅವನಿಗೆ ಏನು ಅರ್ಥವಾಯಿತೋ, ಚೊಕ್ಕವಾಗಿ ಮಾಡಿಕೊಟ್ಟ. ಅಂಚಿಗೆ ಕೈ ಕೊಯ್ಯದಂತೆ ಮಡಿಕೆಯನ್ನೂ ಕೊಟ್ಟಿದ್ದ.

ಕೂರಿಸುವ ದಿನ ರಬಾಳೆಯ ಗ್ಯಾರೇಜಿನಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂರಲಿಲ್ಲ. ಹಳೆಯ ಡಬ್ಬಿಯ ಬೋಲ್ಟುಗಳನ್ನು ತಾವೇ ಬಿಚ್ಚಿ ಸ್ಟೀಲ್ ಲೋಟಕ್ಕೆ ಹಾಕಿಕೊಂಡರು. ಮುಚ್ಚಳ ತೆಗೆದಾಗ ಹಳೆಯ ಫಿಲ್ಟರಿನಲ್ಲಿ ಕಲ್ಯಾಣ–ಶೀಲ್ ರಸ್ತೆಯ ಧೂಳೆಲ್ಲ ಕೂತಿತ್ತು. ಅದನ್ನು ಕೈಯಲ್ಲಿ ಹಿಡಿದು, "ಇಷ್ಟು ದಿನ ಇದು ಮೂಗು ಕಟ್ಟಿಕೊಂಡು ಏರು ಹತ್ತಿದ್ದು ಸಿಸ್ಟರ್" ಎಂದರು. ಆ ದನಿಯಲ್ಲಿ ಮರುಕವಿತ್ತು. ರೋಗಿಯ ಬಗ್ಗೆ ಮಾತಾಡುವವರ ದನಿ ನನಗೆ ಗೊತ್ತು.

ಹೊಸ ಕೊಳವೆ, ಫಿಲ್ಟರು, ಇಡ್ಲಿ ಪೆಟ್ಟಿಗೆಯವನ ತಗಡು ಎಲ್ಲ ಕೂತ ಮೇಲೆ ಆ ತರುಣ ಸ್ಟಿಯರಿಂಗಿನ ಕೆಳಗೆ ವಯರು ಸಿಕ್ಕಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಅಕ್ಕ ಓಡಿಸಿದರು, ನಾನು ಹಿಂದೆ. ಒಂದು ಸುತ್ತು ಹೋಗುವುದು, ನಿಲ್ಲಿಸುವುದು, ಅವನು ಏನೋ ತಿದ್ದುವುದು, ಮತ್ತೆ ಹೊರಡುವುದು. ಸಂಜೆಯ ಹೊತ್ತಿಗೆ ಕಾರಿನ ಸ್ವಭಾವವೇ ಬದಲಾಗಿತ್ತು. ಕಾಲಿಟ್ಟ ಕೂಡಲೇ ಮುಂದಕ್ಕೆ ನುಗ್ಗುತ್ತಿತ್ತು, ಉಸಿರೆಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಅಕ್ಕ ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಆ ಮುಖ ಇನ್ನೂ ಕಣ್ಣೆದುರಿಗಿದೆ... ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಶಾಲೆಯ ಹುಡುಗಿಯ ಮುಖ.

ಹೊರಡುವಾಗ ಅವನು ಒಂದು ಮಾತು ಹೇಳಿದ್ದ. ಈ ಹತ್ತಿಬಟ್ಟೆಯ ಫಿಲ್ಟರು ತೊಳೆದು ಬಳಸುವಂಥದ್ದು, ತೊಳೆದು ಒಣಗಿದ ಮೇಲೆ ಎಣ್ಣೆ ಹಚ್ಚಬೇಕು, ಆ ಕೆಲಸ ಈಗಲ್ಲ, ಸಮಯ ಬಂದಾಗ ಇಲ್ಲಿಗೇ ತನ್ನಿ, ನಾನೇ ಮಾಡುತ್ತೇನೆ. ಅಕ್ಕ ಆಯಿತೆಂದಿದ್ದರು.

ಆದರೆ ನಡುವೆ ಆಯುಧಪೂಜೆ ಬಂತು.

ಅವರ ಹೋಟೆಲಿನ ಆಯುಧಪೂಜೆ ನೋಡಿದವರಿಗೆ ಗೊತ್ತು. ಗ್ರೈಂಡರು, ಬಾಯ್ಲರು, ಕಾಯಿ ಹೆರೆಯುವ ಯಂತ್ರ, ತಕ್ಕಡಿ, ಕತ್ತಿ ಎಲ್ಲವನ್ನೂ ಬಿಚ್ಚಿ ತೊಳೆಯಬೇಕು. ತೊಳೆದದ್ದನ್ನು ಒಣಗಿದ ಮೈಯಲ್ಲಿ ಹಾಗೇ ಇಡಬಾರದು, ಎಣ್ಣೆ ಸೋಕಿಸಿ ಕುಂಕುಮ ಇಡಬೇಕು. ಅದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಕಾರೂ ಆಯುಧವೇ. ಕಾರಿನಲ್ಲಿ ತೊಳೆಯುವ ವಸ್ತುವೊಂದಿದ್ದು ಅದೊಂದನ್ನೇ ಮೈಲಿಗೆಯಲ್ಲಿ ಬಿಡುವುದು ಅಕ್ಕನಿಂದ ಸಾಧ್ಯವಿರಲಿಲ್ಲ. ನಾನು ಪ್ರಸಾದಕ್ಕೆ ಹೋದಾಗ ಅವರ ಮನೆಯ ಗ್ಯಾಲರಿಯಲ್ಲಿ ಕಾಫಿ ಫಿಲ್ಟರುಗಳ ಸಾಲಿನ ಕೊನೆಗೆ ಕಾರಿನ ಫಿಲ್ಟರೂ ಕೂತಿತ್ತು. ನೆತ್ತಿಗೆ ಕುಂಕುಮ, ಮೈಗೆಲ್ಲ ಎಣ್ಣೆಯ ಹೊಳಪು. ಮದುವೆಗೆ ಎಣ್ಣೆಶಾಸ್ತ್ರ ಮುಗಿಸಿದ ವರನ ಹಾಗೆ ಕಾಣುತ್ತಿತ್ತು.

ಆ ಗುರುವಾರ ಮಗ ಎಡಗಡೆ ಕೂತ, ನಾನು ಹಿಂದೆ ಅರ್ಧ ಮಡಚಿದ ಸೀಟಿನ ಪಕ್ಕ ಬೂದುಗುಂಬಳಗಳ ಜೊತೆ. ಅಕ್ಕ ಮಾಲನ್ನು ಎಂದಿಗಿಂತ ಹೆಚ್ಚೇ ಕೊಂಡಿದ್ದರು, ಮಾಲು ಕಡಿಮೆಯಿತ್ತೆಂದು ಮಗ ಆಮೇಲೆ ಆಡಬಾರದೆಂದು. ಮಹಾಪೆ ದಾಟಿದೆವು. ಏರು ಶುರುವಾಯಿತು. ಅಕ್ಕ ಎರಡನೆಯ ಗೇರಿಗೆ ಹಾಕಿ ಒತ್ತಿದರು. ಕಾರು ಒಮ್ಮೆ ಎಳೆಯಿತು, ಆಮೇಲೆ ಬಿಕ್ಕಳಿಸಿತು. ಮತ್ತೆ ಬಿಕ್ಕಳಿಸಿತು. ಒಳಗೆಲ್ಲ ಒಂದು ವಾಸನೆ ತುಂಬಿಕೊಂಡಿತು.

"ಅಮ್ಮಾ, ಕುಛ್ ಜಲ್ ರಹಾ ಹೈ."

"ಸುಡುದಲ್ಲ. ಯಾರೋ ಬಾಳೆಕಾಯಿ ಚಿಪ್ಸ್ ಕರೀತಿದ್ದಾರೆ."

"ಯಹಾಂ? ಪಹಾಡ್ ಪೇ?" ಈ ಗುಡ್ಡದ ಮೇಲಾ ಎಂದ.

ಅಷ್ಟರಲ್ಲಿ ಸ್ಟಿಯರಿಂಗಿನ ಹಿಂದೆ ಎಂಜಿನ್ನಿನ ಎಚ್ಚರಿಕೆಯ ಹಳದಿ ದೀಪ ಹತ್ತಿತು, ಕಾರು ಸೋತಿತು. ಹಿಂದೆ ಲಾರಿಗಳ ಹಾರ್ನು. ಅಕ್ಕ ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿದರು. ಬಗ್ಗಿ ಮೂಸಿದರು. ಫಿಲ್ಟರನ್ನು ಸಡಿಲಿಸಿ ಕೊಳವೆಯ ಒಳಗೆ ಬೆರಳಾಡಿಸಿ ನೋಡಿದರು. ಬೆರಳು ಹೊಳೆಯುತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡರು.

ಆಮೇಲೆ ಮಗನ ಕಡೆ ತಿರುಗಿ, "ನಾನೇ ಮಾಡಿದ್ದು. ಪೂಜೆಗೆ ತೊಳೆದು ತೆಂಗಿನೆಣ್ಣೆ ಹಾಕಿದ್ದೆ, ಧಾರಾಳ ಹಾಕಿದ್ದೆ. ಗಾಡಿದ್ದು ತಪ್ಪಿಲ್ಲ, ಆ ಗ್ಯಾರೇಜಿನವನದ್ದೂ ತಪ್ಪಿಲ್ಲ" ಎಂದರು.

ಕಾರಿನ ಮೇಲೆ ಹೊಣೆ ಹಾಕಬಹುದಿತ್ತು, ಗ್ಯಾರೇಜಿನವನ ಮೇಲೆ ಹಾಕಬಹುದಿತ್ತು, ಮಗನಿಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಆಸ್ಪತ್ರೆಯಲ್ಲಿ ದೊಡ್ಡ ದೊಡ್ಡ ಹುದ್ದೆಯವರು ತಪ್ಪನ್ನು ಕೈಯಿಂದ ಕೈಗೆ ದಾಟಿಸುವುದನ್ನು ಕಂಡವಳು. ಹಾರ್ನಿನ ಗದ್ದಲದಲ್ಲಿ, ಕಳೆದುಕೊಳ್ಳುವುದು ಏನೆಂದು ಗೊತ್ತಿದ್ದೂ, ಅಷ್ಟು ಸಲೀಸಾಗಿ ಹೇಳಿದವರು ಅವರೊಬ್ಬರೇ.

ರಬಾಳೆಗೆ ಫೋನ್ ಮಾಡಿದರು. ಆ ಕಡೆಯಿಂದ "ಕಾಕು, ನಾರಿಯಲ್ ತೇಲ್? ಸಚ್ಚೀ?" ಎಂಬ ದನಿ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರೊಂದಿದೆ, ಅದರ ಸಣ್ಣ ತಂತಿಗೆ ಎಣ್ಣೆ ಮೆತ್ತಿಕೊಂಡಿದೆ, ಸದ್ಯಕ್ಕೆ ಅದರ ಪ್ಲಗ್ಗು ಕಿತ್ತು ನಿಧಾನವಾಗಿ ಓಡಿಸಿ, ಅಂದಾಜಿನ ಮೇಲೆ ಕಾರು ನಡೆಯುತ್ತದೆ ಎಂದ. ಅಕ್ಕ ಪ್ಲಗ್ಗು ಕಿತ್ತರು. ಕಾರು ಮೊದಲ ಗೇರಿನಲ್ಲಿ ಮೆಲ್ಲಗೆ ಏರು ಮುಗಿಸಿತು.

ಶೀಲ್ ಫಾಟಾದಲ್ಲಿ ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಅಕ್ಕ ಕೀಲಿಕೈ ತೆಗೆದು ಮಗನ ಮುಂದೆ ಹಿಡಿದರು.

"ಅರೇ, ಚಢ್ ತೋ ಗಯೀ ನಾ?" ಎಂದ ಅವನು. ಅವನಿಗೇ ಕಸಿವಿಸಿಯಾಗಿತ್ತು.

"ಅದು ಹತ್ತಿದ್ದಲ್ಲ, ತೆವಳಿದ್ದು. ಮಾತು ಅಂದ್ರೆ ಮಾತು. ಹಿಡಿ."

ಮನೆಯ ತನಕ ಮಗ ಓಡಿಸಿದ. ಅಕ್ಕ ಎಡಗಡೆ ಕೂತರು. ಆ ಸೀಟಿನಲ್ಲಿ ಅವರನ್ನು ಕಂಡದ್ದು ಅದೇ ಮೊದಲು. ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದರು. ನಾನು ಹಿಂದಿನಿಂದ ಆ ಕೈಗಳನ್ನೇ ನೋಡುತ್ತ ಬಂದೆ...

ಅಳುತ್ತ ಕೂರುತ್ತಾರೆಂದುಕೊಂಡವರಿಗೆ ಅಕ್ಕ ಗೊತ್ತಿಲ್ಲ. ಮುಂದಿನ ಗುರುವಾರ ಬಾಗಿಲಿಗೆ ಬಂದು ನಿಂತರು, ಎರಡು ಗಟ್ಟಿ ಚೀಲ ಹಿಡಿದು. "ಟ್ರೈನಿಗೆ ಯಾರ ಕೀಲಿ ಬೇಕು ಸಿಸ್ಟರ್? ಹೊರಡಿ." ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಬೇರೆ ಲೋಕಲ್ಲಿನಲ್ಲಿ ಮಾರ್ಕೆಟಿಗೆ ಹತ್ತಿರದ ತುರ್ಭೆ. ಬರುವಾಗ ಲೇಡೀಸ್ ಡಬ್ಬಿಯಲ್ಲಿ ಚೀಲಗಳ ಮೇಲೆ ಕೂತು, ಎದುರಿನ ಹೆಂಗಸಿನ ಬುಟ್ಟಿಯ ತೆಂಗಿನಕಾಯಿಯನ್ನು ಕೇಳದೆಯೇ ಎತ್ತಿಕೊಂಡು ಆಡಿಸಿ, "ಇದು ಇವತ್ತೇ ಒಡಿ, ನಾಳೆಗೆ ಕೊಳೀತದೆ" ಎಂದು ಹಿಂದಿ, ಕನ್ನಡ ಬೆರೆಸಿ ಹೇಳಿದರು. ಡಬ್ಬಿಯೆಲ್ಲ ನಕ್ಕಿತು. ಠಾಣೆಯಲ್ಲಿ ಸೇತುವೆ ಹತ್ತುವಾಗ ಮಾತ್ರ ಎರಡು ಸಲ ನಿಂತರು. ಚೀಲದ ಹಿಡಿ ಅವರ ಅಂಗೈಯಲ್ಲಿ ಕೆಂಪಗೆ ಗೆರೆ ಕೊರೆದಿತ್ತು.

ಮಗನ ಬಗ್ಗೆ ಒಂದು ಅಕ್ಷರ ಆಡಲಿಲ್ಲ. ನಾನು ಆಡಹೋದರೆ, "ಅವ ಸೋಲಿಸಿದ್ದಲ್ಲ, ನಾನು ಸೋತದ್ದು" ಎಂದು ತಡೆದರು. ಆದರೆ ಹೋಟೆಲಿನಲ್ಲಿ ಅಕ್ಕ ಚಹಾ ಕೊಡುವಾಗ ಅವನು ಆ ಅಂಗೈಯನ್ನು ನೋಡಿದ. ನೋಡಿ ಗಲ್ಲಾಪೆಟ್ಟಿಗೆಯ ಕಡೆ ಮುಖ ತಿರುಗಿಸಿದ.

ಕೆಲವು ದಿನ ಕಳೆದು ನಾನು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಅವನು ಹೊರಗಿನಿಂದ ಬಂದು ನೇರವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಕೀಲಿಕೈ. ತಾನೇ ರಬಾಳೆಗೆ ಹೋಗಿದ್ದನಂತೆ. ಸೆನ್ಸರು, ಕೊಳವೆ, ಫಿಲ್ಟರು ಎಲ್ಲ ಶುಚಿ ಮಾಡಿಸಿ, ಸರಿಯಾದ ಎಣ್ಣೆ ಹಾಕಿಸಿ, ಏರಿಗೂ ಹೋಗಿ ಬಂದಿದ್ದ. "ಸೆಕೆಂಡ್ ಗೇರ್ ಮೇ ಚಢೀ, ಅಮ್ಮಾ. ಚಾರ್ ಆದ್ಮೀ ಬಿಠಾಕೇ."

"ಯಾವ ನಾಲ್ಕು ಜನ?"

ಗ್ಯಾರೇಜಿನವರು ಎಂದ.

"ಆ ಕಡ್ಡಿಗಳಾ? ನಾಲ್ವರು ಸೇರಿದ್ರೆ ನನ್ನ ಒಂದು ಗೋಣಿ ಆಗುದಿಲ್ಲ. ಲೆಕ್ಕಕ್ಕಿಲ್ಲ" ಎಂದು ಅಕ್ಕ ಕೀಲಿಕೈ ಮುಟ್ಟಲಿಲ್ಲ. ಸಾಂಬಾರು ಕಲಕುತ್ತಲೇ ಇದ್ದರು. ಮಗ ನನ್ನ ಕಡೆ ನೋಡಿದ. ಅವರು ಹೇಳಿದ್ದು ಸರಿ.

ಆ ವಾರ ಮತ್ತೆ ಮೂವರೂ ಹೊರಟೆವು. ಮತ್ತೆ ಅಷ್ಟೇ ಮಾಲು, ಮತ್ತೆ ನನ್ನ ಪಕ್ಕ ಬೂದುಗುಂಬಳ. ಸ್ಟಿಯರಿಂಗಿನಲ್ಲಿ ಅಕ್ಕನೇ ಕೂರಬೇಕೆಂದು ಮಗ ಹೇಳಿದ. ಏರಿನ ಬುಡದಲ್ಲಿ ಅಕ್ಕ ಸೆರಗು ಬಿಗಿಮಾಡಿಕೊಂಡರು. ಎರಡನೆಯ ಗೇರು. ಎಂಜಿನ್ನು ಒಂದೇ ಸಮನೆ ಉಸಿರೆಳೆದು ಏರತೊಡಗಿತು. ಬಿಕ್ಕಳಿಕೆ ಇಲ್ಲ, ಹೊಗೆ ಇಲ್ಲ. ಮುಂದೆ ತೆವಳುತ್ತಿದ್ದ ಲಾರಿಯೊಂದನ್ನು ದಾಟುವಾಗ ಅಕ್ಕ "ಪೋಯಿ!" ಎಂದು ತುಳುವಿನಲ್ಲಿ ಕೂಗಿದರು. ಹೋಗೋಣ ಎಂದು ಆ ಮಾತಿಗೆ ಅರ್ಥ. ಅವರು ಕೂಗಿದ್ದು ಕಾರಿಗೋ, ಮಗನಿಗೋ, ನನಗೋ... ಗುಡ್ಡದ ನೆತ್ತಿಯಲ್ಲಿ ಗಾಳಿ ಬೀಸುತ್ತಿತ್ತು, ದೂರದಲ್ಲಿ ಮುಂಬ್ರಾದ ಬೆಟ್ಟಗಳು ಕಾಣುತ್ತಿದ್ದವು.

"ಠೀಕ್ ಹೈ. ಬಾತ್ ಖತಮ್" ಎಂದ ಮಗ.

"ಕನ್ನಡದಲ್ಲಿ ಹೇಳು. ಸಿಸ್ಟರ್ ಸಾಕ್ಷಿ."

ಅವನು ತಡವರಿಸಿದ. ಆಮೇಲೆ, ಒಂದೊಂದೇ ಪದ ಹುಡುಕಿ, "ಆಯ್ತು. ಮಾರೋದು... ನಾನು ಇನ್ನು ಕೇಳಲ್ಲ" ಎಂದ. ಅಕ್ಕ ಎಡಗೈ ಚಾಚಿ ಅವನ ಭುಜಕ್ಕೆ ಗುದ್ದಿದರು. ಸ್ಟಿಯರಿಂಗ್ ಎರಡೂ ಕೈಯಿಂದ ಹಿಡಿಯಿರಿ ಎಂದು ನಾನು ಹಿಂದಿನಿಂದ ಗದರಿಸಬೇಕಾಯಿತು.

ಅದಾದ ಮೇಲೆ ವರ್ಷಗಟ್ಟಲೆ ನಮ್ಮ ಗುರುವಾರಗಳು ನಡೆದವು. ನನ್ನ ವಯಸ್ಸಿನ ಹೆಂಗಸರು ಮೊಣಕಾಲಿನ ಮಾತಾಡುತ್ತಿದ್ದಾಗ ನಾನು ಒಬ್ಬ ಮಹಾರಾಯಿತಿಯ ಪಕ್ಕದಲ್ಲಿ ಕೂತು ಲಾರಿಗಳನ್ನು ಹಿಂದೆ ಹಾಕುತ್ತಿದ್ದೆ. ಅವರಿಂದ ಶಿಸ್ತು ಕಲಿತೆನೆಂದರೆ ಸುಳ್ಳಾಗುತ್ತದೆ. ಲೋಟ ಕೊನೆಯ ತನಕ ಕಾಲಡಿಯಲ್ಲಿ ಉರುಳುತ್ತಲೇ ಇತ್ತು. ಆದರೆ ಕೇಳಲು ನಾಚಬಾರದು, ತಪ್ಪಿಗೆ ಹೆದರಬಾರದು, ಅರೆಬರೆ ಗೆಲುವನ್ನು ಗೆಲುವೆನ್ನಬಾರದು ಎಂಬ ಮೂರೂ ಅವರಲ್ಲಿ ಒಟ್ಟಿಗೆ ಇದ್ದವು. ಅಷ್ಟು ವರ್ಷ ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನು ಕಲಿಸಲು ಹೆಣಗಿದ್ದು ಇದನ್ನೇ.

ಒಂದು ಮಳೆಗಾಲದಲ್ಲಿ ಜ್ವರವೆಂದು ಮಲಗಿದರು. ಸಾಮಾನ್ಯ ಜ್ವರವಲ್ಲವೆಂದು ನನಗೆ ಮೂರನೆಯ ದಿನವೇ ಗೊತ್ತಾಗಿತ್ತು... ಆಸ್ಪತ್ರೆಗೆ ಸೇರಿಸಿದೆವು. ರಬಾಳೆಯ ಆ ತರುಣನೂ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನಾನು ಕಲಿತ ವಿದ್ಯೆ ಕೊನೆಯ ದಿನಗಳಲ್ಲಿ ಅವರ ದಿಂಬು ಸರಿಮಾಡುವುದಕ್ಕೆ ಮಾತ್ರ ಬಂತು.

ಮಗ ಕಾರನ್ನು ಮಾರಲಿಲ್ಲ. ಓಡಿಸಲೂ ಪುರಸತ್ತಿಲ್ಲ. ಮಾಲು ಟೆಂಪೋದಲ್ಲಿ ಬರುತ್ತದೆ. ಹೋಟೆಲು ಚೆನ್ನಾಗಿಯೇ ನಡೆಯುತ್ತಿದೆ, ಅವನ ಮೇಲೆ ನನಗೆ ದೂರಿಲ್ಲ. ಅವನಿಗೂ ಆ ರಸ್ತೆಗೆ ಒಬ್ಬನೇ ಹೋಗಲು ಮನಸ್ಸು ಬಾರದಿರಬಹುದು. ನಾನೂ ಆಮೇಲೆ ಮಹಾಪೆಯ ಕಡೆ ಹೋಗಿಲ್ಲ.

ನನ್ನ ದಿನಗಳು ಈಗಲೂ ಕ್ರಮದಲ್ಲಿವೆ. ಸೋಮವಾರ ಬಟ್ಟೆ ಇಸ್ತ್ರಿ, ಮಂಗಳವಾರ ಬ್ಯಾಂಕು ಅಥವಾ ಔಷಧಿ ಅಂಗಡಿ, ಬುಧವಾರ ಕಟ್ಟಡದ ಮಕ್ಕಳಿಗೆ ಕನ್ನಡ ಅಕ್ಷರ, ಶುಕ್ರವಾರ ದೇವಸ್ಥಾನ. ಗುರುವಾರಕ್ಕೆ ಏನನ್ನಾದರೂ ಹಾಕಿಕೊಳ್ಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಯೋಗದ ಕ್ಲಾಸಿನವರು ಗುರುವಾರ ಬನ್ನಿ ಎಂದರು, ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು.

ಕೆಲಸವಿದೆ ಎಂದೆ.

ಬೆಳಗಾಗುವ ಮೊದಲೇ ಎದ್ದು, ಸ್ನಾನ ಮಾಡಿ, ಸೀರೆಯುಟ್ಟು, ಬಾಗಿಲ ಚಿಲಕ ತೆಗೆದಿಟ್ಟು ಕೂರುತ್ತೇನೆ. ಬಿಸಿಲು ಮೆಟ್ಟಿಲಿಗೆ ಬಂದ ಮೇಲೆ ಎದ್ದು ಚಿಲಕ ಹಾಕುತ್ತೇನೆ.